ಮೊದಲ ಕಾರ್ಡಿನಲ್ಲಿ ಉಳಿದ ಗುರುತು

ಅಣ್ಣ ತಂಗಿ ಇಬ್ಬರೂ ನನ್ನ ಸ್ಟುಡಿಯೋ ಮೆಟ್ಟಿಲು ಹತ್ತಿದಾಗ ಮಧ್ಯಾಹ್ನದ ಊಟದ ಹೊತ್ತು. ಚನ್ನರಾಯಪಟ್ಟಣದ ಕಡೆಯಿಂದ ಬಂದು ಅರಕಲಗೂಡಿನ ಬಸ್ಸು ಹಿಡಿಯುವವರಿಗೆ ಹೊಳೆನರಸೀಪುರದಲ್ಲಿ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಬಂದಿದ್ದರು. ತಂಗಿಯ ಮದುವೆಯ ಫೋಟೋ ತೆಗೆದವನು ನಾನೇ ಆದ್ದರಿಂದ ನೋಡಿದ ಕೂಡಲೇ ಗೊತ್ತಾಯಿತು. ಅವಳು ಸೆರಗನ್ನು ತಲೆಯ ಮೇಲಿಂದ ಎಳೆದು ಕುತ್ತಿಗೆಗೆ ಸುತ್ತಿಕೊಂಡಿದ್ದಳು. ಹೊರಗೆ ಅಂಥ ಬಿಸಿಲೇನೂ ಇರಲಿಲ್ಲ. ಅಣ್ಣ ಒಳಗೆ ಬಂದವನೇ, ಷಟರು ಅರ್ಧ ಎಳೆಯಲೇ ಎಂದು ಕೇಳಿದ.

ನಾನು ಊಟದ ಡಬ್ಬಿ ಮುಚ್ಚಿಟ್ಟೆ. ಅಣ್ಣ ನಿಂತುಕೊಂಡೇ ವಿಷಯ ಹೇಳಿದ. ಗಂಡ ಕೈ ಮಾಡಿದ್ದಾನೆ. ಇದು ಮೊದಲ ಸಲವಲ್ಲ. ಈ ಸಲ ಕುತ್ತಿಗೆಗೆ ಕೈ ಹಾಕಿದ್ದಾನೆ. ಪಕ್ಕದ ಮನೆಯವರು ಫೋನು ಮಾಡಿದ್ದರಿಂದ ಇವನು ಹೋಗಿ ಕರೆದುಕೊಂಡು ಬರುತ್ತಿದ್ದಾನೆ. ಸ್ಟೇಷನ್ನಿಗೆ ಹೋಗುವುದು ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. ಗಂಡನ ದೊಡ್ಡಪ್ಪ ಸುತ್ತಿನ ಊರುಗಳ ಪಂಚಾಯಿತಿಗಳಲ್ಲಿ ಕೂತು ಮಾತು ನಡೆಸುವವರು. ಅವರೇ ಕೂಡಿಸಿ ಮಾತಾಡುತ್ತೇನೆ ಎಂದಿದ್ದಾರೆ. ಅವರನ್ನು ಮುಂದೆ ಹಿರಿಯರು ಎಂದೇ ಕರೆಯುತ್ತೇನೆ. ನನಗೂ ಅವರ ಪರಿಚಯ ಚೆನ್ನಾಗಿತ್ತು. ನನ್ನ ಮದುವೆ ಆರ್ಡರುಗಳಲ್ಲಿ ಎಷ್ಟೋ ಅವರ ಬಾಯಿಂದ ಬಂದವು.

"ಆಡೋ ಮಾತಿಗೆಲ್ಲ ಪಂಚಾಯ್ತಿ ಮಾಡಕ್ಕಾಗಕಿಲ್ಲ, ಗುರುತಿದ್ರೆ ಫೋಟೋ ತಗೊಂಡು ಬಾ ಅಂದವ್ರೆ ಸಾ," ಎಂದ ಅಣ್ಣ. "ಮೊಬೈಲಲ್ಲಿ ತಗುದ್ರೆ ಸರಿಯಾಗಿ ಬರ್ತಿಲ್ಲ. ನೀವು ತಗುದ್ರೆ ಯಾರೂ ಇಲ್ಲ ಅನ್ನಂಗಿಲ್ಲ."

ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಸೆರಗು ಸರಿಸಿದಳು. ಎಡಗಿವಿಯ ಕೆಳಗಿನಿಂದ ಗಂಟಲಿನವರೆಗೆ ಬೆರಳುಗಳು ಒತ್ತಿದ ಗುರುತುಗಳು ಒಂದರ ಕೆಳಗೆ ಒಂದು ಇದ್ದವು. ಅವಳದು ಕಪ್ಪು ಮೈಬಣ್ಣ. ಕಪ್ಪು ಮೈಯ ಮೇಲೆ ಇಂಥ ಗುರುತು ಕೆಂಪಾಗಿ ಎದ್ದು ಕಾಣುವುದಿಲ್ಲ. ನೇರಳೆ ಹಣ್ಣಿನ ರಸ ಇಂಗಿದ ಹಾಗೆ ಒಳಗಿನಿಂದ ಕಾಣುತ್ತದೆ. ಎದುರಿನಿಂದ ನೋಡಿದರೆ ಮಂಕು. ಪಕ್ಕದಿಂದ ಬೆಳಕು ಬಿದ್ದರೆ ಊತವೂ ತಿಳಿಯುತ್ತಿತ್ತು. ನಾನು ಒಂದು ದೀಪವನ್ನು ಪಕ್ಕಕ್ಕೆ ಎಳೆದಿಟ್ಟು, "ಕತ್ತು ಈ ಕಡೆ ತಿರುಗ್ಸು ಮಗ, ಅಲ್ಲಿಗೆ ಬೆಳಕು ಬೀಳ್ಲಿ," ಎಂದೆ. ಅವಳು ತಿರುಗಿಸಿದಳು. ಅಷ್ಟು ಮಾಡಿದವನು, ಕೈ ರೂಢಿಯಲ್ಲಿ ಎದುರಿನ ದೊಡ್ಡ ಬಿಳಿ ದೀಪವನ್ನೂ ಹಾಕಿಬಿಟ್ಟೆ. ಆ ದೀಪ ಮುಖದ ನೆರಳನ್ನೆಲ್ಲ ತುಂಬಿಬಿಡುತ್ತದೆ. ಮದುವೆ ಹೆಣ್ಣುಗಳಿಗೆ ಅದನ್ನೇ ಹಾಕುವುದು.

ಇಲ್ಲಿ ನನ್ನ ಕ್ಯಾಮೆರಾದ ವಿಷಯ ಹೇಳಬೇಕು. ಅದರಲ್ಲಿ ಎರಡು ಕಾರ್ಡು ಕೂರುತ್ತವೆ. ಒಂದೇ ಸಲ ಕ್ಲಿಕ್ ಮಾಡಿದರೂ ಮೊದಲ ಕಾರ್ಡಿಗೆ ರಾ ಫೈಲು, ಎರಡನೆಯದಕ್ಕೆ ಜೆಪೆಗ್ ಹೋಗುವಂತೆ ಮಾಡಿಕೊಳ್ಳಬಹುದು. ರಾ ಎಂದರೆ ಲೆನ್ಸಿನಿಂದ ಒಳಗೆ ಬಂದ ಬೆಳಕಿನ ಲೆಕ್ಕ ಬಂದ ಹಾಗೇ ಇರುವುದು. ಅದನ್ನು ನೇರವಾಗಿ ಪ್ರಿಂಟಿಗೆ ಕೊಡಲಾಗುವುದಿಲ್ಲ, ಕಂಪ್ಯೂಟರಿನಲ್ಲಿ ಕೂತು ಬೇಯಿಸಿಕೊಳ್ಳಬೇಕು. ಜಾಗವೂ ಐದಾರು ಪಟ್ಟು ತಿನ್ನುತ್ತದೆ. ಜೆಪೆಗ್‌ನಲ್ಲಿ ಆ ಅಡುಗೆಯನ್ನು ಕ್ಯಾಮೆರಾ ತಾನೇ ಮಾಡುತ್ತದೆ. ಎಷ್ಟು ಬೆಳಕು, ಯಾವ ಬಣ್ಣ, ಎಷ್ಟು ನುಣುಪು ಎಂದು ನಾವು ಮೊದಲೇ ಹೇಳಿಟ್ಟದ್ದನ್ನು ನೋಡಿ ತೀರ್ಮಾನ ಮಾಡಿ, ಬೇಡವಾದದ್ದನ್ನು ಎಸೆದು, ಉಳಿದದ್ದನ್ನು ಅದುಮಿ ಚಿಕ್ಕದು ಮಾಡಿ ಕೊಡುತ್ತದೆ. ಎಸೆದದ್ದು ಆಮೇಲೆ ಬೇಕೆಂದರೆ ಸಿಗುವುದಿಲ್ಲ.

ನಮ್ಮ ಕಡೆ ಗಿರಾಕಿಗಳು ಫೋಟೋ ಹೇಗಿರಬೇಕು ಎಂದು ಬಿಡಿಸಿ ಹೇಳುವುದಿಲ್ಲ. "ಸ್ವಲ್ಪ ಕಲರ್ ಬರ್ಲಿ ಸಾ" ಎನ್ನುತ್ತಾರೆ. ಎಂದರೆ ಬೆಳ್ಳಗೆ ಕಾಣಲಿ ಎಂದು. ಅದಕ್ಕೆ ನಾನು ಕ್ಯಾಮೆರಾದ ಜೆಪೆಗ್ ಅನ್ನು ಬೆಳಕು ಒಂದು ಮಟ್ಟ ಏರಿಸಿ, ಗಾಢತೆ ಇಳಿಸಿ, ಮೈ ನುಣ್ಣಗಾಗುವ ಹಾಗೆ ಇಟ್ಟಿದ್ದೆ. ಕಂಪ್ಯೂಟರಿನಲ್ಲಿ ಇನ್ನೊಂದು ಏರ್ಪಾಡು. ಒಂದು ಗುಂಡಿ ಒತ್ತಿದರೆ ಸಾಲಾಗಿ ಬಂದ ಫೋಟೋಗಳಲ್ಲೆಲ್ಲ ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು ತಾನಾಗಿ ಅಳಿಸಿಹೋಗುತ್ತದೆ. ಮುಹೂರ್ತದ ಹೊತ್ತಿಗೆ ಮಾತ್ರ ಮುಂಜಾಗ್ರತೆಗೆಂದು ಮೊದಲ ಕಾರ್ಡಿಗೆ ರಾ ತೆಗೆಯುತ್ತಿದ್ದೆ. ತಾಳಿ ಕಟ್ಟುವಾಗ ಬೆಳಕು ತಪ್ಪಿದರೆ ಎರಡನೆಯ ಸಲ ಕಟ್ಟಿ ಎನ್ನಲು ಆಗುವುದಿಲ್ಲವಲ್ಲ.

ಹಿಂದಿನ ದಿನ ಹಾಸನದಲ್ಲಿ ಒಂದು ಮದುವೆ ಮುಗಿಸಿ ಬಂದಿದ್ದೆ. ಕ್ಯಾಮೆರಾ ಮುಹೂರ್ತಕ್ಕೆ ಇಟ್ಟ ಸ್ಥಿತಿಯಲ್ಲೇ ಇತ್ತು. ಬದಲಾಯಿಸಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅಣ್ಣ ಬಾಗಿಲ ಕಡೆ ನೋಡುತ್ತಿದ್ದ. ನಾನು ಎರಡನೆಯ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿ, ಎಂದಿನ ಗುಂಡಿ ಒತ್ತಿ, ಸ್ಟುಡಿಯೋದಲ್ಲೇ ಪ್ರಿಂಟು ಎಳೆದು ಕೊಟ್ಟೆ. ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಅಷ್ಟಾಗಿ ಕಾಣ್ತಿಲ್ವಲ್ಲ ಸಾ?"

ಪ್ರಿಂಟಿನಲ್ಲಿ ಅಷ್ಟೇ ಬರುವುದು, ಸರಿಯಾಗಿ ನೋಡಿದರೆ ಕಾಣುತ್ತದೆ ಎಂದೆ. ಅವಳೂ ಬಗ್ಗಿ ನೋಡಿದಳು. ಸೆರಗನ್ನು ಮತ್ತೆ ಕುತ್ತಿಗೆಗೆ ಸುತ್ತಿಕೊಂಡಳು. ನಾನು ಮತ್ತೊಮ್ಮೆ ನೋಡಬಹುದಿತ್ತು. ಊಟದ ಡಬ್ಬಿ ಕಾಯುತ್ತಿತ್ತು.

ಹಿರಿಯರು ಪಂಚಾಯಿತಿಯನ್ನು ಎರಡು ಸಲ ಮುಂದೂಡಿದರು. ಕೂಡುವ ಹೊತ್ತಿಗೆ ಅವಳ ಕುತ್ತಿಗೆಯ ಮೇಲೆ ಗುರುತೆಲ್ಲ ಮಾಸಿ ಹೋಗಿತ್ತು. ಹಾಗಾಗಿ ಉಳಿದದ್ದು ನನ್ನ ಫೋಟೋ ಒಂದೇ. ತೆಗೆದವರು ಜೊತೆಗಿದ್ದರೆ ಒಳ್ಳೆಯದು ಎಂದು ಅಣ್ಣ ಕರೆದ. ಚನ್ನರಾಯಪಟ್ಟಣದ ಆಚೆ, ಹಿರಿಯರ ತೆಂಗಿನ ತೋಟದಲ್ಲಿ, ಪಂಪುಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಗಂಡಸರು ಕುರ್ಚಿಗಳಲ್ಲಿ ಕೂತರು. ಅವಳು ಪಂಪುಮನೆಯ ಹೊಸಿಲ ಹತ್ತಿರ ಇಬ್ಬರು ಹೆಂಗಸರ ನಡುವೆ ಕೂತಿದ್ದಳು. ಗಂಡ ಹಿರಿಯರ ಹಿಂದೆ ನಿಂತು ಕಾಯಿಸಿಪ್ಪೆಯ ನಾರನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದ.

ಮೊದಲು ಹಿರಿಯರು ಪಕ್ಕದ ಹೆಂಗಸರಿಗೆ ಸನ್ನೆ ಮಾಡಿ ಅವಳಿಂದ ಹೇಳಿಸಿದರು. ಅವಳು ನೆಲ ನೋಡಿಕೊಂಡು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗಂಡ, ಬಾಯಿಗೆ ಬಾಯಿ ಕೊಟ್ಟಳು, ಭುಜ ಹಿಡಿದು ಸರಿಸಿದೆ ಅಷ್ಟೆ, ಎಂದ. ಆಮೇಲೆ ಹಿರಿಯರು ಫೋಟೋಗೆ ಕೈ ಚಾಚಿದರು. ಕನ್ನಡಕ ಹಾಕಿಕೊಂಡು ತಿರುಗಿಸಿ ಮುರುಗಿಸಿ ನೋಡಿ ಪಕ್ಕದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು.

"ಗುರುತೆಲ್ಲೈತ್ಲಾ ಇದ್ರಲ್ಲಿ?" ಎಂದ ಒಬ್ಬ. "ಮದ್ವೆ ಆಲ್ಬಮ್ಮಿಂದ ಕಿತ್ಕಂಡು ಬಂದಂಗೈತೆ. ಲಕ್ಷ್ಮಿ ಕೂತಂಗೆ ಕೂತವ್ಳೆ."

ಇಬ್ಬರು ಮೂವರು ನಕ್ಕರು. ಫೋಟೋ ನನ್ನ ಕೈಗೂ ಬಂತು. ಅಲ್ಲಿ ನಿಜವಾಗಿ ಏನೂ ಇರಲಿಲ್ಲ. ನುಣುಪಾದ ಕತ್ತು, ಅವಳಿಗಿಂತ ಬೆಳ್ಳಗಿನ ಒಬ್ಬಳು ಹೆಂಗಸು. ಕಿವಿಯ ಕೆಳಗೆ ಎಲ್ಲೋ ಒಂದು ನೆರಳು ಇದ್ದ ಹಾಗಿತ್ತು. ನೆರಳಿರಬೇಕು ಎಂದರೆ ನೆರಳು.

ಹಿರಿಯರು ನನ್ನ ಕಡೆ ತಿರುಗಿದರು. "ಫೋಟೋದೋರೆ, ನೀವೇ ತಗುದೋರು. ಗುರುತಿತ್ತಾ?"

ಇತ್ತು ಎಂದರೆ, ಹಾಗಾದರೆ ಫೋಟೋದಲ್ಲಿ ಯಾಕಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ನನ್ನ ಕೆಲಸ ಕೆಟ್ಟದು ಎಂದು ಅಷ್ಟು ಜನರ ಮುಂದೆ ನಾನೇ ಹೇಳಬೇಕಾಗುತ್ತಿತ್ತು. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಹಿರಿಯರ ಕಿರಿಯ ಮಗಳ ಮದುವೆ ಗೊತ್ತಾಗಿತ್ತು, ಆ ಆರ್ಡರು ನನ್ನದೇ ಎಂದು ಬಂದ ಕೂಡಲೇ ಹೇಳಿದ್ದರು.

"ಇದ್ದಿದ್ರೆ ಫೋಟೋದಲ್ಲಿ ಬರ್ಬೇಕಿತ್ತು ಸಾ," ಎಂದೆ.

ಸುಳ್ಳು ಹೇಳಿದ ಹಾಗೂ ಆಗಬಾರದು, ನಿಜ ಹೇಳಿದ ಹಾಗೂ ಆಗಬಾರದು ಎಂಬಂಥ ಮಾತು ಅದು. ಹಿರಿಯರಿಗೆ ಅಷ್ಟು ಸಾಕಾಯಿತು. ಸಂಸಾರ ಅಂದ ಮೇಲೆ ಇವೆಲ್ಲ ಇದ್ದದ್ದೇ, ಇನ್ನು ಮುಂದೆ ಹೀಗಾಗದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ, ಗಂಡನಿಗೂ ಎರಡು ಬೈದು, ಅವಳ ಬಟ್ಟೆಯ ಚೀಲವನ್ನು ಅಲ್ಲಿಂದಲೇ ಗಂಡನ ಮನೆಗೆ ಕಳಿಸಿದರು. ಎಲ್ಲರಿಗೂ ಎಳನೀರು ಕೊಟ್ಟರು. ಅಣ್ಣ ಕುಡಿಯಲಿಲ್ಲ. ನಾನು ಕುಡಿದೆ.

ಸ್ಟುಡಿಯೋದ ಹಿಂದಿನ ಎರಡು ಕೋಣೆಗಳೇ ನನ್ನ ಮನೆ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ನಾನೊಬ್ಬನೇ. ನಮಗೆ ಮಕ್ಕಳಿಲ್ಲ. ಅವಳಿದ್ದಿದ್ದರೆ, ಇವತ್ತು ಏನು ಕೆಲಸ ಎಂದು ಕೇಳುತ್ತಿದ್ದಳು, ನಾನು ಹೇಳಬೇಕಾಗುತ್ತಿತ್ತು. ಕೇಳುವವರಿಲ್ಲದ ಮನೆಯಲ್ಲಿ ತಪ್ಪನ್ನು ಇಟ್ಟುಕೊಳ್ಳುವುದು ಬಹಳ ಸುಲಭ. ಅನ್ನಕ್ಕೆ ಇಟ್ಟೆ, ಉಂಡೆ, ಟೀವಿ ಹಾಕಿಕೊಂಡೆ.

ಒಂದು ಮದುವೆಯ ಆಲ್ಬಮ್ ಒಪ್ಪಿಗೆಯಾಗುವವರೆಗೆ ಕಾರ್ಡನ್ನು ಅಳಿಸಬಾರದು ಎಂಬುದು ನಾನು ಪಾಲಿಸಿಕೊಂಡು ಬಂದ ಒಂದೇ ಕಟ್ಟುನಿಟ್ಟು. ಹಾಸನದ ಮದುವೆಯವರು ಆಲ್ಬಮ್ ಒಪ್ಪಿದರೆಂದು ಫೋನು ಬಂದ ದಿನ ಮೊದಲ ಕಾರ್ಡನ್ನು ಖಾಲಿ ಮಾಡಲು ತೆಗೆದೆ. ಅಳಿಸುವ ಮುಂಚೆ ಒಮ್ಮೆ ತೆರೆದು ನೋಡುವುದು ರೂಢಿ. ತಾಳಿ ಕಟ್ಟುವ ರಾ ಫೈಲುಗಳು ಮುಗಿದವು. ಅವುಗಳ ಕೊನೆಯಲ್ಲಿ ಅವಳಿದ್ದಳು. ಕ್ಯಾಮೆರಾ ಹಾಗೇ ಇದ್ದದ್ದರಿಂದ ಅವಳ ಫೋಟೋಗಳೂ ಎರಡೂ ಕಾರ್ಡಿಗೆ ಹೋಗಿದ್ದವು. ಅದು ನನಗೆ ಮರೆತೇ ಹೋಗಿತ್ತು.

ಒಂದನ್ನು ತೆರೆದೆ. ರಾ ಫೈಲಿನ ಒಳಗೆ ಒಂದು ಚಿಕ್ಕ ಜೆಪೆಗ್ ಕೂಡ ಸೇರಿಕೊಂಡಿರುತ್ತದೆ. ಕಂಪ್ಯೂಟರು ಮೊದಲು ಅದನ್ನು ತೋರಿಸುತ್ತದೆ, ಆಮೇಲೆ ನಿಜವಾದ ರಾ ಲೆಕ್ಕ ಹಾಕಿ ಅದರ ಜಾಗದಲ್ಲಿ ಇಡುತ್ತದೆ. ಮೊದಲು ಕಂಡದ್ದು ಪಂಚಾಯಿತಿಯಲ್ಲಿ ಕೈಯಿಂದ ಕೈಗೆ ಹೋದ ಬೆಳ್ಳನೆಯ ಹೆಂಗಸಿನಂಥವಳೇ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಪರದೆ ಸ್ವಲ್ಪ ಅಲುಗಿದ ಹಾಗಾಗಿ ಮುಖ ಕಪ್ಪಾಯಿತು, ಕುತ್ತಿಗೆ ಕಪ್ಪಾಯಿತು, ಕಿವಿಯ ಕೆಳಗಿನಿಂದ ಬೆರಳುಗಳು ಒಂದೊಂದಾಗಿ ಮೇಲಕ್ಕೆ ಬಂದವು. ಹೆಬ್ಬೆರಳಿನ ಗುರುತು ಗಂಟಲ ಗುಳಿಯ ಪಕ್ಕದಲ್ಲಿತ್ತು. ಎದುರಿನ ದೀಪ ಕೂಡ ಅದನ್ನು ಮುಚ್ಚಿರಲಿಲ್ಲ. ಮುಚ್ಚಿದ್ದು ನಾನು ಇಟ್ಟ ಜೆಪೆಗ್ ಮತ್ತು ನಾನು ಒತ್ತಿದ ಗುಂಡಿ.

ಫೋನು ತೆಗೆದು ಅಣ್ಣನ ನಂಬರು ಹುಡುಕಿ ಇಟ್ಟುಕೊಂಡೆ. ಒತ್ತಲಿಲ್ಲ. ಈಗ ಹೇಳಿದರೆ ಮತ್ತೆ ಜಗಳವೆದ್ದು ಅವಳ ಸಂಸಾರ ಕೆಡುತ್ತದೆ ಎಂದುಕೊಂಡೆ. ಹಿರಿಯರ ಮನೆ ಮದುವೆ ಮುಗಿಯಲಿ ಎಂದುಕೊಂಡೆ. ಮೊದಲನೆಯದು ನೆಪ, ಎರಡನೆಯದು ಕಾರಣ. ಆ ಫೈಲುಗಳನ್ನು ಹಾರ್ಡ್ ಡಿಸ್ಕಿನಲ್ಲಿ ಒಂದು ಮೂಲೆಗೆ ಹಾಕಿ ಕಾರ್ಡು ಅಳಿಸಿದೆ.

ಹಿರಿಯರ ಮಗಳ ಮದುವೆ ಹಾಸನದ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಹೆಣ್ಣು ಸ್ವಲ್ಪ ಕಪ್ಪು, ನಿಮಗೆ ಹೇಳಿಕೊಡಬೇಕಾ, ಎಂದು ಹಿರಿಯರು ನನ್ನ ಹೆಗಲು ತಟ್ಟಿದರು. ಆ ದಿನ ನಾನು ಮುಹೂರ್ತವನ್ನೂ ರಾ ತೆಗೆಯಲಿಲ್ಲ. ಎರಡೂ ಕಾರ್ಡಿಗೆ ಜೆಪೆಗ್ ಇಟ್ಟೆ. ಜಾಗ ಉಳಿಯುತ್ತದೆ, ಆಲ್ಬಮ್ಮಿನವರಿಗೂ ಬೇಗ ಕೊಡಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ, ನಾನು ಎಸೆದದ್ದನ್ನು ಇನ್ನೊಂದು ಕಾರ್ಡು ಎತ್ತಿಟ್ಟುಕೊಳ್ಳುವುದು ನನಗೆ ಬೇಡವಾಗಿತ್ತು. ಕೆಲಸದಲ್ಲಿ ಹೆದರಿ ಒಂದು ಫಾರ್ಮ್ಯಾಟ್ ಆರಿಸಿದ್ದು ಅದೇ ಮೊದಲು.

ಊಟದ ಮೊದಲು ಮನೆಯವರೆಲ್ಲ ಸೇರಿ ನಿಲ್ಲುವ ಗುಂಪು ಫೋಟೋದಲ್ಲಿ ಅವಳೂ ಬಂದು ನಿಂತಳು. ಗಂಡನ ಪಕ್ಕ, ಎರಡನೆಯ ಸಾಲಿನಲ್ಲಿ, ಕುತ್ತಿಗೆ ಮುಚ್ಚುವ ರವಿಕೆ ತೊಟ್ಟು. ಸಣ್ಣಗಾಗಿದ್ದಳು. ಎಲ್ಲರೂ ಈ ಕಡೆ ನೋಡಿ ಎಂದು ನಾನು ಕೂಗಿದಾಗ ಎಲ್ಲರ ಜೊತೆ ಅವಳೂ ಲೆನ್ಸನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಲೆನ್ಸು ನೋಡುವುದಕ್ಕೂ ಅದರ ಹಿಂದಿನ ಮನುಷ್ಯನನ್ನು ನೋಡುವುದಕ್ಕೂ ಇರುವ ವ್ಯತ್ಯಾಸ ಕ್ಯಾಮೆರಾ ಹಿಡಿದವನಿಗೆ ಗೊತ್ತಾಗುತ್ತದೆ. ಊಟಕ್ಕೆ ಕರೆದರೂ ನಾನು ಪಂಕ್ತಿಯಲ್ಲಿ ಕೂರಲಿಲ್ಲ. ಬ್ಯಾಟರಿ ಚಾರ್ಜಿಗಿಡುವ ನೆಪದಲ್ಲಿ ವಧುವಿನ ಕೋಣೆಯ ಪಕ್ಕದ ಓಣಿಯಲ್ಲಿ ನಿಂತಿದ್ದೆ.

ಆಲ್ಬಮ್ ಕೊಟ್ಟು ಕೆಲವು ದಿನಗಳಾಗಿದ್ದವು. ಬೆಳಿಗ್ಗೆ ಷಟರು ಎತ್ತುತ್ತಿದ್ದಾಗ ಹಿರಿಯರ ಫೋನು ಬಂತು. ಆಲ್ಬಮ್ ಚೆನ್ನಾಗಿದೆ ಎಂದು ಹೊಗಳಿ, ಆಮೇಲೆ ವಿಷಯಕ್ಕೆ ಬಂದರು. ಅವಳು ದನದ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾಳೆ. ಅಣ್ಣ ಬಂದು ಹಾಸನದ ಆಸ್ಪತ್ರೆಗೆ ಸೇರಿಸಿ, ಕಟ್ಟು ಹಾಕಿಸಿ, ಅರಕಲಗೂಡಿಗೆ ಕರೆದುಕೊಂಡು ಹೋಗಿದ್ದಾನೆ. ಅಣ್ಣನ ಮನೆಯವರು ಗಂಡನೇ ಮುರಿದ ಎನ್ನುತ್ತಿದ್ದಾರೆ. ಈಗ ಆ ಕಡೆಯವರ ಮನೆಯಲ್ಲೇ ಪಂಚಾಯಿತಿಯಂತೆ.

"ನಿಮ್ತಾವ ಆ ಅಳೇ ಫೋಟೋ ಐತಲ್ಲ, ಅದುನ್ನ ಇನ್ನೊಂದ್ ಕಾಪಿ ಹಾಕ್ಕೊಡಿ," ಎಂದರು. "ಆಗ್ಲೂ ಇಂಗೇ ಇಲ್ಲದ್ದು ಏಳಿದ್ಲು, ಈಗ್ಲೂ ಇಲ್ಲದ್ದು ಏಳ್ತಾವ್ಳೆ ಅನ್ನಾಕೆ ಅದೊಂದ್ ಸಾಕು. ಆವತ್ತಿನಂಗೆ ನೀವೂ ಬಂದ್ ಒಂದ್ ಮಾತು ಆಡಿದ್ರೆ ಆಯ್ತು."

ಸರಿ ಎಂದೆ. ಫೋನು ಇಟ್ಟ ಮೇಲೆ ಅರ್ಧ ಎತ್ತಿದ ಷಟರಿನ ಕೆಳಗೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಇಷ್ಟು ದಿನ ನನ್ನ ಫೋಟೋ ಅವಳಿಗೆ ಉಪಯೋಗಕ್ಕೆ ಬರಲಿಲ್ಲ ಎಂದಷ್ಟೇ ನಾನು ನೊಂದುಕೊಂಡಿದ್ದೆ. ಈಗ ಅದು ಅವಳ ವಿರುದ್ಧ ಸಾಕ್ಷಿಯಾಗಿ ಹೊರಟಿತ್ತು. ಮುರಿದ ಕೈಯನ್ನು ಅದು ಜಾರಿ ಬಿದ್ದ ಕೈ ಮಾಡುತ್ತಿತ್ತು. ಆ ಕಾಪಿ ಹಾಕಿಕೊಡುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ. ಕೊಟ್ಟರೆ ರಾ ಫೈಲಿನದ್ದೇ ಕೊಡಬೇಕು.

ಕಂಪ್ಯೂಟರಿನ ಮುಂದೆ ಕೂತಮೇಲೆ ತಿಳಿಯಿತು, ಅದು ಅಷ್ಟು ಸಲೀಸಲ್ಲ. ರಾ ಎಂದರೆ ಬೇಯದ ಅಕ್ಕಿ. ಬೇಯಿಸುವವನು ಮತ್ತೆ ನಾನೇ. ಬೆಳಕು ಎಷ್ಟು, ಬಣ್ಣ ಯಾವುದು ಎಂದು ನಾನೇ ಹೇಳಬೇಕು. ಗಾಢತೆಯ ಗುಂಡಿಯನ್ನು ಸ್ವಲ್ಪ ಬಲಕ್ಕೆ ಎಳೆದು ನೋಡಿದೆ. ಗುರುತು ಇದ್ದದ್ದಕ್ಕಿಂತ ಕಪ್ಪಾಗಿ, ಭಯವಾಗುವ ಹಾಗೆ ಎದ್ದಿತು. ಹಾಗೇ ಕೊಡಬೇಕೆನಿಸಿತು. ಆದರೆ ಅದೂ ಸುಳ್ಳೇ, ಇನ್ನೊಂದು ದಿಕ್ಕಿನ ಸುಳ್ಳು. ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತಂದೆ. ಅವಳ ಬೆನ್ನ ಹಿಂದೆ ಕಂಡಿದ್ದ ಸ್ಟುಡಿಯೋದ ಸುಣ್ಣದ ಗೋಡೆಯನ್ನು ಬಿಳಿ ಎಂದು ಕಂಪ್ಯೂಟರಿಗೆ ತೋರಿಸಿ ಬಣ್ಣ ಸರಿಮಾಡಿಕೊಂಡೆ. ಗೋಡೆ ನನ್ನ ಕಣ್ಣ ಮುಂದೆಯೇ ಇತ್ತು. ಪರದೆಯ ಗೋಡೆಯನ್ನೂ ಅದನ್ನೂ ಮತ್ತೆ ಮತ್ತೆ ಹೋಲಿಸಿ, ಎರಡೂ ಒಂದೇ ಎನಿಸಿದಾಗ ಕೈ ತೆಗೆದೆ. ಉಳಿದದ್ದು ಆ ದಿನ ಸ್ಟೂಲಿನ ಮೇಲೆ ನಾನು ಕಂಡದ್ದೇ ಆಗಿತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನನ್ನ ಚಿಕ್ಕ ಪ್ರಿಂಟರಿಗೆ ಕಪ್ಪು ಬಣ್ಣಗಳು ಸರಿಯಾಗಿ ಬರುವುದಿಲ್ಲ. ಹಾಸನದ ಕಲರ್ ಲ್ಯಾಬಿಗೆ ಹೋದೆ. ದೊಡ್ಡ ಸೈಜಿನಲ್ಲಿ ಹಾಕಿಸಲು ಕೊಟ್ಟು, ಏನೂ ತಿದ್ದಬೇಡಿ ಎಂದು ಹೇಳಿ, ಚಹಾ ಕುಡಿದು ಬಂದೆ. ಪ್ರಿಂಟು ಕೈಗೆ ಬಂದಾಗ ನೋಡಿದರೆ ಮತ್ತೆ ಬೆಳ್ಳನೆಯ ಹೆಂಗಸು! ಆಪರೇಟರನ್ನು ಕೇಳಿದೆ. ಅವನು ಮಾನಿಟರಿನಿಂದ ಮುಖ ತೆಗೆಯದೆ ಹೇಳಿದ:

"ಬಾಳ ಡಲ್ ಇತ್ತು ಸಾ. ನೀವು ಮರ್ತಿದೀರೇನೋ ಅಂತ ನಾನೇ ಸ್ವಲ್ಪ ಲೈಟ್ ಮಾಡ್ದೆ. ಕತ್ತಿನ ತಾವ ಏನೋ ಕೊಳೆ ತರ ಇತ್ತು, ಅದುನ್ನೂ ತಗುದೆ."

ಅವನ ಮೇಲೆ ಕೋಪ ಬರಲಿಲ್ಲ. ವರ್ಷಗಟ್ಟಲೆ ಅವನಿಗೆ ಅದನ್ನೇ ಮಾಡಿ ಎಂದು ಕೊಟ್ಟವನು ನಾನು. ಅದು ಕೊಳೆಯಲ್ಲ, ಕೈ ಗುರುತು ಎಂದೆ. ಅವನು ತಿರುಗಿ ನೋಡಿದ. ಅವನ ಕುರ್ಚಿಯ ಪಕ್ಕ ನಿಂತುಕೊಂಡು, ತಿದ್ದುವುದನ್ನೆಲ್ಲ ಬಂದ್ ಮಾಡಿಸಿ, ಮತ್ತೆ ಹಾಕಿಸಿದೆ. ಕಾಗದ ಮೆಷಿನ್ನಿನಿಂದ ಹೊರಗೆ ಬರುತ್ತಿದ್ದಂತೆ ಅವನು ದನಿ ತಗ್ಗಿಸಿ, "ನಿಮ್ಮೋರಾ ಸಾ?" ಎಂದ. ಅಲ್ಲ ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಆ ಉತ್ತರ ನನಗೇ ಚುಚ್ಚಿತು.

ಮರುದಿನ ಅರಕಲಗೂಡಿನ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಅವರ ಊರಿಗೆ ಹೋದೆ. ಅಣ್ಣ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ಕಂಡು ಕೂತ್ಕೊಳ್ಳಿ ಎನ್ನಲಿಲ್ಲ. ಹಿತ್ತಲ ಜಗಲಿಯ ಮೇಲೆ ಅವಳು ಬಲಗೈಗೆ ಕಟ್ಟು ಹಾಕಿಸಿಕೊಂಡು ಎಡಗೈಯಲ್ಲಿ ಅವರೆಕಾಯಿ ಸುಲಿಯಲು ಒದ್ದಾಡುತ್ತಿದ್ದಳು. ನಾನು ಕವರಿನಿಂದ ಪ್ರಿಂಟು ತೆಗೆದು ಅಣ್ಣನ ಕೈಗೆ ಕೊಟ್ಟು, ಎರಡು ಕಾರ್ಡಿನ ವಿಷಯ, ರಾ ವಿಷಯ, ನಾನು ಕಂಡು ಸುಮ್ಮನಿದ್ದ ವಿಷಯ, ಹಿರಿಯರ ಫೋನಿನ ವಿಷಯ ಎಲ್ಲ ಹೇಳಿದೆ. ಅಣ್ಣ ಬಹಳ ಹೊತ್ತು ಫೋಟೋ ನೋಡಿದ.

"ಈಗ್ಯಾಕೆ ಸಾ ಫೋಟೋ?" ಎಂದ. "ಈಗ ಕಟ್ಟೇ ಕಾಣ್ತೈತಲ್ಲ."

ಕ್ಯಾಮೆರಾ ಹೀಗೆ ಮಾಡಿಬಿಟ್ಟಿತು, ಫೈಲು ಹಾಗಿತ್ತು ಎಂದು ಮತ್ತೆ ಶುರು ಮಾಡಿದೆ. ಅವಳು ಅವರೆಕಾಯಿ ಮೊರ ಪಕ್ಕಕ್ಕೆ ಸರಿಸಿದಳು.

"ಕ್ಯಾಮೆರಾ ವಿಷ್ಯ ನಂಗೆ ಗೊತ್ತಾಗಲ್ಲ ಸಾ. ಕತ್ತು ತಿರುಗ್ಸು ಮಗ, ಅಲ್ಲಿಗೆ ಬೆಳಕು ಬೀಳ್ಲಿ ಅಂದ್ರಲ್ಲ ಅವತ್ತು, ಸದ್ಯ ಇವ್ರು ಕಂಡ್ರು, ಇನ್ನೇನ್ ಪರವಾಗಿಲ್ಲ ಅಂದ್ಕೊಂಡಿದ್ದೆ ನಾನು."

ಅವಳು ದನಿ ಎತ್ತಲಿಲ್ಲ. ಅಳಲೂ ಇಲ್ಲ. ಸಾಮಾನು ಎಲ್ಲಿಟ್ಟೆ ಎಂದು ಹೇಳುವವರ ಹಾಗೆ ಹೇಳಿದಳು. ಪಂಚಾಯಿತಿಯ ದಿನ ನಾನು ಬರುತ್ತೇನೆ ಎಂದಷ್ಟೇ ಹೇಳಿ ಹೊರಟೆ. ಅಣ್ಣ ಮತ್ತೆ ಹಸುವಿನ ಕಡೆ ಹೋದ.

ಆ ದಿನ ಅವರ ಮನೆ ಮುಂದಿನ ಚಪ್ಪರದ ಕೆಳಗೆ ಜಮಖಾನ ಹಾಸಿದ್ದರು. ಹಿರಿಯರು ಕಾರಿನಲ್ಲಿ ಬಂದರು. ಹಿಂದಿನ ಸೀಟಿನಿಂದ ಗಂಡ ಇಳಿದ. ಮೊದಲಿನ ಪಂಚಾಯಿತಿಯಲ್ಲಿ ಕೂತಿದ್ದವರಲ್ಲೇ ಕೆಲವರು ಜೊತೆಗಿದ್ದರು. ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಜಾರಿದಳು ಎಂದು ಗಂಡ ಹೇಳಿದ. ಹಿರಿಯರು, ಈ ಹುಡುಗಿ ಹಿಂದೆ ಒಂದು ಸಲ ಇಲ್ಲದ್ದನ್ನು ಹೇಳಿದ್ದು ಎಲ್ಲರಿಗೂ ಗೊತ್ತಿದೆ, ಅದರ ಫೋಟೋ ಇವರ ಹತ್ತಿರ ಇದೆ ಎಂದು ನನಗೆ ಸನ್ನೆ ಮಾಡಿದರು. ನಾನು ಹೊಸ ಪ್ರಿಂಟನ್ನು ಜಮಖಾನದ ಮೇಲೆ ಇಟ್ಟೆ. ಲ್ಯಾಪ್‌ಟಾಪನ್ನೂ ತಂದಿದ್ದೆ, ಅದೇ ಫೋಟೋ ಎರಡು ರೀತಿ ಯಾಕಾಯಿತು ಎಂದು ತೆರೆದು ತೋರಿಸಲು ಹೊರಟೆ. ಇದನ್ನು ತಿದ್ದಲಾಗುವುದಿಲ್ಲ, ಇದೇ ಮೂಲ ಎಂದೆಲ್ಲ ಹೇಳಿದೆ. ಲೆನ್ಸು, ಕಾರ್ಡು, ಫೈಲು ಎಂದು ನಾನು ಹೇಳುತ್ತಿದ್ದದ್ದು ಯಾರ ತಲೆಗೂ ಹತ್ತಲಿಲ್ಲ. ಹಿರಿಯರು ನಗುತ್ತಾ ಕೇಳಿದರು.

"ಫೋಟೋದೋರೆ, ನನ್ ಮಗಳನ್ನ ಎಷ್ಟ್ ಬೆಳ್ಳುಗ್ ಮಾಡ್ಕೊಟ್ರಿ, ಬೀಗ್ರೇ ಗುರುತು ಇಡೀನಿಲ್ಲ. ಬೆಳ್ಳುಗ್ ಮಾಡಾಕೆ ಬತ್ತದೆ ಅಂದ್ಮೇಲೆ ಕಪ್ಪು ಬಳಿಯಾಕೆ ಬರಾಕಿಲ್ವಾ ನಿಮ್ಗೆ?"

ಎಲ್ಲರೂ ನಕ್ಕರು. ನನ್ನ ಗಿರಾಕಿಗಳೇ ಅವರೆಲ್ಲ. ಅವರ ಮನೆಗಳ ಗೋಡೆಯ ಮೇಲೆ ನನ್ನ ಕೆಲಸ ತೂಗುತ್ತಿತ್ತು, ಆದ್ದರಿಂದಲೇ ನನ್ನನ್ನು ನಂಬುವ ಹಾಗಿರಲಿಲ್ಲ. ರಾ ಫೈಲು ಪರದೆಯ ಮೇಲೆ ತೆರೆದೇ ಇತ್ತು. ಅದರಲ್ಲಿ ಎಲ್ಲವೂ ಇತ್ತು. ಒಬ್ಬರೂ ಬಗ್ಗಿ ನೋಡಲಿಲ್ಲ.

ಲ್ಯಾಪ್‌ಟಾಪು ಮುಚ್ಚಿದೆ. ಎದ್ದು ನಿಂತೆ.

"ಫೋಟೋ ಬಿಡಿ ಸಾ. ನಾನು ಕಂಡೆ. ಕಿವಿ ಕೆಳಗಿಂದ ಗಂಟಲವರ್ಗೂ ಬೆರಳಿನ ಗುರುತಿತ್ತು. ಅವತ್ತು ನೀವು ಕೇಳ್ದಾಗ ಮದುವೆ ಆರ್ಡರು ಹೋಗ್ತದೆ ಅಂತ ಹೇಳಲಿಲ್ಲ."

ಹಿರಿಯರ ಮುಖದಲ್ಲಿ ನಗು ಹೋಯಿತು. ಆವತ್ತು ಇಲ್ಲ ಎಂದವರು ಇವತ್ತು ಇದೆ ಎನ್ನುತ್ತೀರಿ, ಯಾವುದನ್ನು ನಂಬುವುದು ಎಂದು ಕೇಳಿದರು. ಸರಿಯಾದ ಪ್ರಶ್ನೆಯೇ. ಇವತ್ತಿನದು ಎಂದೆ. ಆ ಮಾತಿಗೆ ಬಲವಿರಲಿಲ್ಲ ಎಂದು ನನಗೇ ಕೇಳಿಸಿತು. ಕೂತುಕೊಂಡೆ. ನನ್ನ ಪಕ್ಕದಲ್ಲಿದ್ದವನು ಸ್ವಲ್ಪ ಆಚೆ ಸರಿದು ಕೂತ.

ಅವಳು ಗಂಡನ ಮನೆಗೆ ವಾಪಸು ಹೋಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ನನ್ನ ಫೋಟೋದಿಂದ ಆದದ್ದಲ್ಲ, ನನ್ನ ಮಾತಿನಿಂದಲೂ ಅಲ್ಲ. ಅಣ್ಣ ಮರುವಾರ ಅವಳನ್ನು ಕರೆದುಕೊಂಡು ವಕೀಲರ ಹತ್ತಿರ ಹೋದ. ಮೂಲ ಫೈಲುಗಳನ್ನು ಕೇಳಿದರು, ಕೊಟ್ಟಿದ್ದೇನೆ. ಕೋರ್ಟಿಗೆ ಕರೆದಾಗ ಹೋಗಿ ಹೇಳುತ್ತೇನೆ. ಆ ಕಡೆಯ ಮದುವೆಗಳಿಗೆ ಈಗ ನನ್ನನ್ನು ಯಾರೂ ಕರೆಯುವುದಿಲ್ಲ. ಕರೆಯುವವರು ಬಂದರೆ ರಾ ತೆಗೆಯುತ್ತೇನೆ, ಹುಡುಗಿ ಇದ್ದ ಬಣ್ಣದಲ್ಲೇ ಇರುತ್ತಾಳೆ ಎಂದು ಮೊದಲೇ ಹೇಳುತ್ತೇನೆ. ಹೆಚ್ಚಿನವರು ಮನೆಯಲ್ಲಿ ಕೇಳಿ ಬರುತ್ತೇವೆ ಎಂದು ಹೋಗುತ್ತಾರೆ. ಷಟರು ಎತ್ತುತ್ತೇನೆ, ಇಳಿಸುತ್ತೇನೆ. ನಡುವೆ ಪಾಸ್‌ಪೋರ್ಟ್ ಸೈಜಿನವರು ಬಂದರೆ ಮಾತು, ಇಲ್ಲದಿದ್ದರೆ ಇಲ್ಲ.

ಆ ದಿನ ಚಪ್ಪರದ ಕೆಳಗೆ ನಾನು ಕೂತ ಮೇಲೆ ನಡೆದದ್ದೊಂದು ಹೇಳಲು ಉಳಿದಿದೆ. ನನ್ನ ಪ್ರಿಂಟು ಜಮಖಾನದ ನಡುವೆ ಬಿದ್ದಿತ್ತು. ಕೊನೆಗೆ ಹಿರಿಯರು, ಎರಡು ಪಂಚಾಯಿತಿಗಳಲ್ಲಿ ಮೊದಲ ಸಲ, ನೇರವಾಗಿ ಅವಳ ಕಡೆ ತಿರುಗಿ ಕೇಳಿದರು.

"ನೀನೇನಂತೀಯವ್ವಾ?"

ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕಟ್ಟು ಹಾಕಿದ ಕೈಯನ್ನು ಇನ್ನೊಂದು ಕೈಯಿಂದ ಆನಿಸಿ ಹಿಡಿದಿದ್ದಳು.

"ನಾನು ಅವತ್ತೇ ಹೇಳಿದ್ದೆ ದೊಡ್ಡ ಮಾವ," ಎಂದಳು. "ನೀವು ಫೋಟೋ ಕೇಳಿದ್ರಿ."